ಲೆನ್ಸ್ ಮೇಲೆ ಗೂಬೆ ಕೂರಿಸುವ ಮುನ್ನ

ನಿಕಾನ್ 200-500 ಲೆನ್ಸನ್ನು ನಾನು ಮೊದಲ ಎರಡು ತಿಂಗಳು ಬೈದಷ್ಟು ನಮ್ಮ ಒಂಬತ್ತನೇ ಕ್ಲಾಸಿನ ಹುಡುಗರನ್ನೂ ಬೈದಿಲ್ಲ. ಗೂಬೆ ಫೋಟೋ ತೆಗೆಯಬೇಕು ಅಂತಲೇ ತಗೊಂಡ, ದೂರದ್ದನ್ನು ಹತ್ತಿರ ತೋರಿಸುವ 200ರಿಂದ 500 ಎಂಎಂನ ಝೂಮ್ ಲೆನ್ಸು. ಮೊದಲ ನಾಲ್ಕು ಭಾನುವಾರದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಎಲ್ಲವೂ ಮಂಜು ಮಂಜು. ಗೂಬೆಯ ಜಾಗದಲ್ಲಿ ಒದ್ದೆ ಗೋಣಿಚೀಲ ನೇತು ಹಾಕಿದ್ದರೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಮಾರಿಬಿಡೋಣ ಅಂತ ಜಾಹೀರಾತಿಗೆ ಲೆನ್ಸಿನದೇ ಒಂದು ಫೋಟೋ ಕೂಡ ತೆಗೆದಿಟ್ಟಿದ್ದೆ. ಅದು ಮಾತ್ರ ಚೆನ್ನಾಗಿ ಬಂದಿತ್ತು. ಫೋನಿನಲ್ಲಿ ತೆಗೆದಿದ್ದು.

ಈಗ ಮೂರು ವರ್ಷವಾಯಿತು. ಲೆನ್ಸ್ ಇನ್ನೂ ನನ್ನ ಹತ್ತಿರವೇ ಇದೆ. ಮೈಸೂರು, ಮಂಡ್ಯದ ಕಡೆ ಕಡಿಮೆ ದುಡ್ಡಿನಲ್ಲಿ ಗೂಬೆ ಫೋಟೋ ತೆಗೆಯಬೇಕು ಅನ್ನೋರು ಇದನ್ನು ತಗೋಬಹುದಾ ಅಂತ ಆಗಾಗ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆದಿಡುತ್ತಿದ್ದೇನೆ.

ನಾನು ಗಣಿತದ ಟೀಚರ್. ಮನೆ ಮೈಸೂರಿನ ಕುವೆಂಪುನಗರ, ಸ್ಕೂಲು ಪಾಂಡವಪುರದ ಕಡೆ. ವಾರಕ್ಕೆ ಆರು ದಿನ ಬಸ್ಸು, ಭಾನುವಾರ ಸ್ಕೂಟರು. ಕ್ಯಾಮೆರಾ ನಿಕಾನ್ ಡಿ7200. ಅದೂ ಹಳೆಯದೇ, 2015ರ ಮಾಡೆಲ್. ಈ ಲೆನ್ಸ್ ಬಂದಿದ್ದೂ ಅದೇ ವರ್ಷ. ಅಂದರೆ ನನ್ನ ಹತ್ತಿರ ಇರೋದು ಹೊಸಾ ಸಾಮಾನಲ್ಲ. ಎಲ್ಲರೂ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಹೊಸ ಥರದ ಕ್ಯಾಮೆರಾ ಕಡೆ ಹೋಗಿದ್ದಾರೆ. 2023ರಲ್ಲಿ ನಿಕಾನಿನವರೇ 180-600 ಅಂತ ಹೊಸ ಲೆನ್ಸ್ ತಂದರು. ಹೋಗುವವರು ಹೋಗಲಿ ಬಿಡಿ, ಅವರು ಬಿಟ್ಟುಹೋದ ಲೆನ್ಸುಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ನಮ್ಮಂಥವರ ಕೈಗೆ ಸಿಗುತ್ತಿವೆ.

ನಾನು ತಗೊಂಡಿದ್ದು 2022ರ ದಸರಾ ಮುಗಿದ ಮೇಲೆ, ಮೈಸೂರಿನ ಒಂದು ಅಂಗಡಿಯಲ್ಲಿ, 58 ಸಾವಿರಕ್ಕೆ. ಅಂಗಡಿ ಹೆಸರು ಬೇಡ. ‘ಮೇಡಂ, ಒಂದೇ ಕೈಯಲ್ಲಿ ಇದ್ದಿದ್ದು, ಮದುವೆ ಮನೆಗೂ ಹೋಗಿಲ್ಲ’ ಅಂದರು. ಬಿಲ್ಲಿನ ಹಿಂದೆ ಪೆನ್ನಿನಲ್ಲಿ ‘15 ದಿನ ಗ್ಯಾರಂಟಿ’ ಅಂತ ಬರೆದುಕೊಟ್ಟರು. ಮನೆಗೆ ಬಂದು ಝೂಮ್ ರಿಂಗ್ ತಿರುಗಿಸಿದರೆ ಕರ್ ಕರ್ ಅಂತ ಮರಳು ಅರೆದ ಸದ್ದು. ಮದುವೆ ಮನೆಗೆ ಹೋಗಿಲ್ಲ ಸರಿ, ಯಾವುದೋ ಹೊಳೆ ದಂಡೆಯಲ್ಲಿ ಉರುಳಿದೆ ಅಂತ ಆಗಲೇ ಗೊತ್ತಾಯಿತು. ಜೊತೆಗೆ ಟ್ರೈಪಾಡ್ ಕಾಲರಿನ, ಅಂದರೆ ಲೆನ್ಸನ್ನು ಸ್ಟ್ಯಾಂಡಿಗೆ ಕೂರಿಸುವ ಬಳೆಯ ಸ್ಕ್ರೂ ಇರಲಿಲ್ಲ. ಪರೀಕ್ಷೆ ಪೇಪರ್ ತಿದ್ದುವ ಗಡಿಬಿಡಿಯಲ್ಲಿ ನಾನು ವಾಪಸ್ ಹೋಗಿದ್ದು ಹದಿನೇಳನೇ ದಿನ. ಅವರು ಲೆನ್ಸ್ ಕೈಯಲ್ಲಿ ಹಿಡಿದು, ನಾನು ಏನು ಫೋಟೋ ತೆಗೆಯುತ್ತೇನೆ ಅಂತ ಕೇಳಿದರು. ಗೂಬೆ ಅಂದೆ. ‘ಅದಕ್ಕೇ ಮೇಡಂ ಹಿಂಗಾಗಿರೋದು!’ ಅಂತ ನಕ್ಕರು. ಬಂದ ಕೋಪಕ್ಕೆ ಏನು ಹೇಳಬೇಕೋ ತೋಚದೆ ಸುಮ್ನೆ ಎದ್ದು ಬಂದೆ. ಆಮೇಲೆ ಬೇರೊಬ್ಬ ರಿಪೇರಿಯವರು ಬಿಚ್ಚಿ ಒರೆಸಿ 2,800 ರೂಪಾಯಿ ತಗೊಂಡರು. ಸದ್ದು ಪೂರ್ತಿ ಹೋಗಿದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಅಂಗಡಿಯಲ್ಲೇ ಝೂಮ್ ರಿಂಗನ್ನು ಹತ್ತು ಸಲ ಪೂರ್ತಿ ತಿರುಗಿಸಿ. ಕಿವಿ ಹತ್ತಿರ ಇಟ್ಟುಕೊಂಡು ತಿರುಗಿಸಿ. ಝೂಮ್ ಮಾಡಿದಾಗ ಇದರ ಕೊಳವೆ ಹೊರಗೆ ಬರುತ್ತೆ, ಬಂದು ಹೋಗುವಾಗ ಧೂಳನ್ನೂ ಕರಕೊಂಡು ಹೋಗುತ್ತೆ. ಮುಂದಿನ ಗಾಜಿಗೆ ಮೊಬೈಲ್ ಟಾರ್ಚ್ ಹಿಡಿದು ಹಿಂದಿನಿಂದ ನೋಡಿ. ಜೇಡರ ಬಲೆ ಥರ ಏನಾದರೂ ಕಂಡರೆ ಅದು ಫಂಗಸ್. ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಸರಿ, ಮಂಜು ಫೋಟೋದ ವಿಷಯಕ್ಕೆ ಬರೋಣ. ಮಾರುವ ಮೊದಲು ಒಂದು ಪರೀಕ್ಷೆ ಮಾಡೋಣ ಅನ್ನಿಸಿತು. ಮೇಷ್ಟ್ರ ಬುದ್ಧಿ, ಪರೀಕ್ಷೆ ಮಾಡದೆ ಫೇಲ್ ಮಾಡೋಕೆ ಮನಸ್ಸು ಬರಲ್ಲ. ಒಂದು ಶನಿವಾರ ಮಧ್ಯಾಹ್ನ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಸ್ಕೂಲಿನ ಕಾರಿಡಾರಿನ ಕೊನೆಯ ಗೋಡೆಗೆ ಹಿಂದಿನ ವರ್ಷದ ಒಂಟಿಕೊಪ್ಪಲ್ ಪಂಚಾಂಗದ ಹಾಳೆಯೊಂದನ್ನು ಅಂಟಿಸಿದೆ. ಟೇಪಿನಲ್ಲಿ 15 ಮೀಟರ್ ಅಳೆದೆ. ಬೆಂಚಿನ ಮೇಲೆ ನೋಟ್ ಬುಕ್ಕಿನ ಕಟ್ಟು, ಅದರ ಮೇಲೆ ಕ್ಯಾಮೆರಾ. ಕೈ ಸೋಕದ ಹಾಗೆ ಟೈಮರ್ ಇಟ್ಟು 500ಕ್ಕೆ ಝೂಮ್ ಮಾಡಿ ತೆಗೆದೆ.

ಮನೆಗೆ ಬಂದು ದೊಡ್ಡದು ಮಾಡಿದರೆ ‘ರಾಹುಕಾಲ’ ಅನ್ನೋದು ಓದೋಕೆ ಬರುತ್ತಿತ್ತು. ಅದರ ಕೆಳಗಿನ ಪುಟ್ಟ ಅಕ್ಷರಗಳೂ ಬಂದಿದ್ದವು. ಹಾಳೆ ಹರಿದ ಕಡೆ ಎದ್ದಿದ್ದ ಕಾಗದದ ನಾರುಗಳು ಕೂಡ ಕಾಣುತ್ತಿದ್ದವು. ಅದೂ ಎಫ್ 5.6ರಲ್ಲಿ, ಅಂದರೆ ಬಾಯಿ ಪೂರ್ತಿ ತೆರೆದಿಟ್ಟು. ಎಫ್ ಅಂಕೆ ಹೆಚ್ಚಿದಷ್ಟೂ ಬಾಯಿ ಕಿರಿದು, ಬೆಳಕು ಕಡಿಮೆ; ಎಫ್ 8ಕ್ಕೆ ಇನ್ನೊಂದು ಚೂರು ಚೆನ್ನಾಗಿತ್ತು, ಅಷ್ಟೇ.

ಲೆನ್ಸ್ ಪಾಸು. ಫೇಲಾಗಿದ್ದು ನಾನು. ನನ್ನ ತಪ್ಪಿಗೆ ಎರಡು ತಿಂಗಳು ಲೆನ್ಸ್ ಮೇಲೆ ಗೂಬೆ ಕೂರಿಸುತ್ತಿದ್ದೆ.

ತಪ್ಪು ಏನು ಅಂತ ನೋಡಿ. ನನ್ನ ಕ್ಯಾಮೆರಾದಲ್ಲಿ ಚಿತ್ರ ಬೀಳುವ ಸೆನ್ಸರ್ ಚಿಕ್ಕದು, ಹಾಗಾಗಿ 500 ಎಂಎಂ ಲೆನ್ಸ್ ಹಾಕಿದರೆ ಒಂದೂವರೆ ಪಟ್ಟು, ಅಂದರೆ 750ರ ಲೆಕ್ಕ. ಕೈಯಲ್ಲಿ ಹಿಡಿದರೆ ಶಟರ್ ಸೆಕೆಂಡಿನ 750ನೇ ಒಂದು ಭಾಗ ಇರಬೇಕು ಅನ್ನೋದು ಹಳೆಯ ನಿಯಮ. ಗೂಬೆ ಎದ್ದೇಳುವ ಹೊತ್ತಿಗೆ ಆ ಬೆಳಕು ಎಲ್ಲಿ ಬರಬೇಕು? ಅದಕ್ಕೇ ಲೆನ್ಸಿನೊಳಗೆ ವಿಆರ್ ಇದೆ, ನಡುಕ ತಡೆಯೋದು. ನಾಲ್ಕೂವರೆ ಸ್ಟಾಪ್ ಅಂತ ಕಂಪನಿ ಹೇಳುತ್ತೆ. ಒಂದು ಸ್ಟಾಪ್ ಅಂದರೆ ಬೆಳಕಿನ ಲೆಕ್ಕದಲ್ಲಿ ಒಂದು ದುಪ್ಪಟ್ಟು. ಲೆಕ್ಕ ಹಾಕಿದರೆ ಸೆಕೆಂಡಿನ 30ನೇ ಒಂದು ಭಾಗದ ಹತ್ತಿರ ಬರುತ್ತೆ. ನಾನು 60ರಲ್ಲೇ ತೆಗೆಯುತ್ತಿದ್ದೆನಲ್ಲ, ಮತ್ಯಾಕೆ ಮಂಜು?

ಮೊದಲನೆಯದು, ನಾನು ಬಟನ್ ಅನ್ನು ಕಾಲಿಂಗ್ ಬೆಲ್ ಒತ್ತಿದ ಹಾಗೆ ಒತ್ತುತ್ತಿದ್ದೆ. ಅರ್ಧ ಒತ್ತಿ ಒಂದು ಸೆಕೆಂಡ್ ಬಿಡಬೇಕು. ಆಗ ಕಣ್ಣಿನ ಮುಂದೆ ಅಲ್ಲಾಡುವ ಚಿತ್ರ ತೇಲಿ ನಿಂತಂತೆ ಆಗುತ್ತೆ. ಒತ್ತಬೇಕಾದ್ದು ಆಮೇಲೆ. ಎರಡನೆಯದು, ವಿಆರ್ ನಿಲ್ಲಿಸೋದು ನನ್ನ ಕೈಯನ್ನು, ಗೂಬೆಯ ಕತ್ತನ್ನಲ್ಲ. ಗೂಬೆಯ ಕಣ್ಣುಗುಡ್ಡೆ ನಮ್ಮ ಹಾಗೆ ಗುಂಡಗಿಲ್ಲ, ಕೊಳವೆ ಥರ ಉದ್ದ, ತಲೆಬುರುಡೆಯ ಗುಳಿಯಲ್ಲಿ ಅಲ್ಲಾಡದ ಹಾಗೆ ಕೂತಿರುತ್ತೆ. ಪಕ್ಕಕ್ಕೆ ನೋಡಬೇಕು ಅಂದರೆ ತಲೆಯನ್ನೇ ತಿರುಗಿಸಬೇಕು. ನಮಗೆ ಕತ್ತಿನಲ್ಲಿ 7 ಮೂಳೆ, ಅದಕ್ಕೆ 14. ಹಾಗಾಗಿ 270 ಡಿಗ್ರಿವರೆಗೂ ತಿರುಗಿಸುತ್ತೆ. ಅದು ಕೂತಿದೆ, ಅಲ್ಲಾಡುತ್ತಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಅಷ್ಟರಲ್ಲಿ ಮುಖ ಈ ಕಡೆಯಿಂದ ಆ ಕಡೆಗೆ ಹೋಗಿರುತ್ತೆ. ಈಗ ನಾನು ತಲೆ ತಿರುಗಿ ನಿಂತ ಮೇಲೆ ಮೂರು ನಾಲ್ಕು ಒಟ್ಟಿಗೆ ತೆಗೆಯುತ್ತೇನೆ. ಅದರಲ್ಲಿ ಒಂದು ನಿಂತಿರುತ್ತೆ.

ಮೂರನೆಯದು ಫೋಕಸ್. ಡಿ7200ರಲ್ಲಿ 51 ಫೋಕಸ್ ಪಾಯಿಂಟ್ ಇವೆ. ಎಲ್ಲವನ್ನೂ ಬಿಟ್ಟರೆ ಕ್ಯಾಮೆರಾ ಮುಂದಿನ ಎಲೆಯನ್ನು ಹಿಡಿದುಕೊಂಡು ಖುಷಿ ಪಡುತ್ತೆ. ನಡುವಿನ ಒಂದೇ ಪಾಯಿಂಟ್ ಇಟ್ಟುಕೊಳ್ಳಿ, ಕತ್ತಲಲ್ಲಿ ಜಾಸ್ತಿ ಕೆಲಸ ಮಾಡೋದು ಅದೇ. ಲೆನ್ಸಿನ ಪಕ್ಕದಲ್ಲಿರುವ ಫೋಕಸ್ ಗುಂಡಿಯನ್ನು 6 ಮೀಟರಿನಿಂದ ಆಚೆಗೆ ಅನ್ನುವ ಕಡೆ ತಳ್ಳಿ. ಇಲ್ಲದಿದ್ದರೆ ಕತ್ತಲಲ್ಲಿ ಫೋಕಸ್ ಸಿಗದೆ 2.2 ಮೀಟರಿನಿಂದ ಆಕಾಶದವರೆಗೂ ಹೋಗಿ ವಾಪಸ್ ಬರುವಷ್ಟರಲ್ಲಿ ಗೂಬೆ ಮುಂದಿನ ಊರಿನಲ್ಲಿರುತ್ತೆ.

ತೂಕದ ವಿಷಯ. ಕಾಲರ್ ಸೇರಿ 2,300 ಗ್ರಾಂ. ಕ್ಯಾಮೆರಾ ಸೇರಿದರೆ ಮೂರು ಕೆಜಿ. ಸಂತೆಯಲ್ಲಿ ಒಂದು ಸುಮಾರಾದ ಕುಂಬಳಕಾಯಿ ತಗೊಂಡು ಕಣ್ಣಿನ ಮಟ್ಟಕ್ಕೆ ಎತ್ತಿ ಹತ್ತು ನಿಮಿಷ ಹಿಡಿದು ನೋಡಿ, ಅಂಗಡಿಗೆ ಹೋಗದೆಯೇ ಟ್ರಯಲ್ ಆಗುತ್ತೆ. ಸಿಗ್ಮಾ 150-600 ಕಂಟೆಂಪರರಿ 1,930 ಗ್ರಾಂ, ಟ್ಯಾಮ್ರಾನ್ 150-600 ಜಿ2 ಸುಮಾರು 2,000 ಗ್ರಾಂ. ಅವು ಹಗುರ, ಝೂಮ್ ಕೂಡ ನೂರು ಎಂಎಂ ಮುಂದಕ್ಕೆ ಹೋಗುತ್ತೆ. ಆದರೆ 600ರ ತುದಿಯಲ್ಲಿ ಅವುಗಳದ್ದು ಎಫ್ 6.3. ಇದು 200ರಿಂದ 500ರವರೆಗೂ 5.6ರಲ್ಲೇ ನಿಲ್ಲುತ್ತೆ. ವ್ಯತ್ಯಾಸ ಒಂದು ಸ್ಟಾಪಿನ ಮೂರನೇ ಒಂದು ಭಾಗ. ಹಗಲು ನವಿಲು ತೆಗೆಯೋರಿಗೆ ಅದು ಲೆಕ್ಕಕ್ಕಿಲ್ಲ. ನಮಗೆ ಸಂಜೆ ಆರೂಕಾಲಿಗೆ ಅದೇ ಎರಡು ಮೂರು ನಿಮಿಷದ ಬೆಳಕು.

ನಾನು ಟ್ರೈಪಾಡ್ ಒಯ್ಯಲ್ಲ. ಸ್ಕೂಟರಿನಲ್ಲಿ ಅದನ್ನು ಎಲ್ಲಿ ಕಟ್ಟಲಿ? ನಮ್ಮತ್ತೆ ಹಳೆಯ ಜಮಖಾನದಲ್ಲಿ ಒಂದು ಚೀಲ ಹೊಲಿದು ಕೊಟ್ಟಿದ್ದಾರೆ. ಅದರೊಳಗೆ ಎರಡು ಕೆಜಿ ಹುರುಳಿ. ಸ್ಕೂಟರ್ ಸೀಟಿನ ಮೇಲೋ, ನಾಲೆಯ ಕಟ್ಟೆ ಮೇಲೋ ಚೀಲ ಇಟ್ಟು, ಅದರಲ್ಲಿ ಲೆನ್ಸನ್ನು ಮಗುವಿನ ತಲೆ ಥರ ಮಲಗಿಸಿದರೆ ಮುಗಿಯಿತು. ಅಕ್ಕಿ ಹಾಕಿ ನೋಡಿದ್ದೆ, ಹುಳ ಬಿತ್ತು. ಮರಳು ತುಂಬಾ ಭಾರ. ಹುರುಳಿ ಸರಿಯಾಗಿ ಜರುಗಿ ಕೂರುತ್ತೆ. ಮಳೆಗಾಲ ಶುರುವಾದ ಮೇಲೆ ಅದೇ ಹುರುಳಿ ಬಸ್ಸಾರಾಗುತ್ತೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅತ್ತೆಗೆ ಅನುಮಾನ ಇದೆ.

ಅತ್ತೆಯ ಮಾತು ಬಂತಲ್ಲ. ಅವರಿಗೆ ನಾನು ಗೂಬೆ ಹಿಂದೆ ಹೋಗೋದು ಸ್ವಲ್ಪವೂ ಇಷ್ಟವಿಲ್ಲ. ಮನೆಯೊಳಗೆ ಗೂಬೆ ಫೋಟೋ ಹಾಕಬಾರದು ಅಂತ ಅಪ್ಪಣೆಯಾಗಿದೆ. ಆದರೆ ಬೆಳಗಿನ ಜಾವ ಬುಡಬುಡಿಕೆಯವನು ಬಂದು ‘ಹಾಲಕ್ಕಿ ನುಡೀತೈತೆ, ಶುಭ ನುಡೀತೈತೆ’ ಅಂದರೆ ಮೊರದಲ್ಲಿ ಅಕ್ಕಿ ತಂದು ಹಾಕುತ್ತಾರೆ. ‘ಅತ್ತೆ, ಆ ಹಾಲಕ್ಕಿಯೂ ಗೂಬೇನೇ, ನೋಡಿ’ ಅಂತ ಒಂದು ಸಲ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ನಿಮಿಷ ನೋಡಿದರು. ‘ಅದು ಬೇರೆ, ಇದು ಬೇರೆ’ ಅಂದರು. ಕೇಸ್ ಮುಗಿಯಿತು.

ಹಾಲಕ್ಕಿಯಿಂದಲೇ ಶುರು ಮಾಡಿ ಅಂತ ನಾನು ಎಲ್ಲರಿಗೂ ಹೇಳೋದು. ಸುಮಾರು 21 ಸೆಂಟಿಮೀಟರ್ ಹಕ್ಕಿ, ಮೈ ತುಂಬ ಬಿಳಿ ಚುಕ್ಕೆ, ಹಳದಿ ಕಣ್ಣು. ಊರೊಳಗೇ ಇರುತ್ತೆ. ನಮ್ಮ ಸ್ಕೂಲಿನ ಮಳೆಮರದ ಪೊಟರೆಯಲ್ಲಿ ಒಂದು ಜೋಡಿ ಇದೆ. ಬೆಲ್ ಹೊಡೆದರೆ ಒಂದು ತಲೆ ಹೊರಗೆ ಹಾಕುತ್ತೆ. ನಮ್ಮನ್ನು ನೋಡಿ ತಲೆಯನ್ನು ಮೇಲೆ ಕೆಳಗೆ, ಅತ್ತಿತ್ತ ಆಡಿಸುತ್ತೆ. ‘ಮಿಸ್, ಡ್ಯಾನ್ಸ್ ಮಾಡ್ತಿದೆ’ ಅಂತಾರೆ ಮಕ್ಕಳು. ಕಣ್ಣು ತಿರುಗಿಸಲು ಆಗಲ್ಲವಲ್ಲ, ಹಾಗಾಗಿ ತಲೆ ಆಡಿಸಿ ನಾವು ಎಷ್ಟು ದೂರ ಇದ್ದೇವೆ ಅಂತ ಅಳೆಯುತ್ತೆ. ಹತ್ತನೇ ಕ್ಲಾಸಿಗೆ ಸಮರೂಪ ತ್ರಿಭುಜ ಪಾಠ ಮಾಡುವಾಗ ನಾನು ಇದನ್ನೇ ಲೆಕ್ಕ ಕೊಟ್ಟಿದ್ದೆ. ಹಕ್ಕಿಯ ಎತ್ತರ 210 ಮಿಲಿಮೀಟರ್, ದೂರ 15 ಮೀಟರ್, ಲೆನ್ಸ್ 500 ಎಂಎಂ. ಸೆನ್ಸರ್ ಮೇಲೆ ಬೀಳುವ ಚಿತ್ರ ಎಷ್ಟು? ಉತ್ತರ 7 ಮಿಲಿಮೀಟರ್. ಸೆನ್ಸರಿನ ಎತ್ತರ 15.6. ಅಂದರೆ 15 ಮೀಟರಿನಿಂದಲೇ ಈ ಗೇಣುದ್ದದ ಹಕ್ಕಿ ಫೋಟೋದ ಅರ್ಧದ ಹತ್ತಿರ ಬರುತ್ತೆ. ಇನ್ನೂ ಮುಂದೆ ಹೋಗುವ ಅವಶ್ಯಕತೆ ಏನಿದೆ? 58 ಸಾವಿರ ಕೊಟ್ಟು ನಾನು ತಗೊಂಡಿದ್ದು ಈ 15 ಮೀಟರನ್ನೇ.

ಈಗ ನನ್ನ ತೋಪಿಗೆ ಬರುತ್ತೇನೆ.

ಮಂಡ್ಯ ಜಿಲ್ಲೆಯ ಒಂದು ಊರ ಹೊರಗೆ ಹಳೆಯ ಗುಂಡುತೋಪು ಇದೆ. ಊರಿನ ಹೆಸರು ಯಾಕೆ ಹೇಳಲ್ಲ ಅಂತ ಮುಂದೆ ಹೇಳುತ್ತೇನೆ. ಹುಣಸೆ, ಮಾವು, ಹೊಂಗೆ, ನಡುವೆ ಒಂದೆರಡು ಆಲ. ಒಂದು ಕಡೆ ವಿಶ್ವೇಶ್ವರಯ್ಯ ನಾಲೆಯ ಕವಲು, ಇನ್ನೊಂದು ಕಡೆ ಕಬ್ಬಿನ ಗದ್ದೆ. ಕಬ್ಬಿದ್ದ ಕಡೆ ಇಲಿ, ಇಲಿ ಇದ್ದ ಕಡೆ ಗೂಬೆ. ಅಲ್ಲಿರೋದು ಇಂಗ್ಲಿಷಿನಲ್ಲಿ ಮಾಟಲ್ಡ್ ವುಡ್ ಔಲ್ ಅನ್ನೋ ಹಕ್ಕಿ. ಊರಿನವರಿಗೆ ಬರೀ ‘ದೊಡ್ಡ ಗೂಬೆ’. ಸುಮಾರು ಒಂದೂವರೆ ಅಡಿ ಎತ್ತರ. ತಲೆ ಮೇಲೆ ಕೊಂಬಿಲ್ಲ. ಮುಖದಲ್ಲಿ ನೀರಿಗೆ ಕಲ್ಲು ಹಾಕಿದಾಗ ಏಳುವಂಥ ಉಂಗುರ ಉಂಗುರದ ಗೆರೆ. ಕಣ್ಣು ಹಳದಿಯಲ್ಲ, ಕರಿ ದ್ರಾಕ್ಷಿ ಥರ ಕಪ್ಪು. ಕತ್ತಲಾದ ಮೇಲೆ ‘ಚುವ್ವಾಆಆ’ ಅಂತ ನಡುಗುವ ದನಿಯಲ್ಲಿ ಕೂಗುತ್ತೆ. ಆ ಕೂಗು ಕೇಳಿದರೆ ಗೂಬೆ ಮೇಲೆ ಇಷ್ಟೊಂದು ಕಥೆ ಯಾಕೆ ಹುಟ್ಟಿದವು ಅಂತ ಅರ್ಥವಾಗುತ್ತೆ.

ಇದನ್ನು ಹುಡುಕೋಕೆ ಮೇಲೆ ನೋಡಿದರೆ ಪ್ರಯೋಜನವಿಲ್ಲ. ಹುಣಸೆ ತೊಗಟೆ ಮೇಲೆ ಅದು ಕೂತರೆ ನೀವು ಬೆರಳು ತೋರಿಸಿದರೂ ಪಕ್ಕದವರಿಗೆ ಕಾಣಲ್ಲ. ಕೆಳಗೆ ನೋಡಬೇಕು. ಸುಣ್ಣ ಚೆಲ್ಲಿದ ಹಾಗೆ ಬಿಳಿ ಹಿಕ್ಕೆ, ಅದರ ಪಕ್ಕ ಬೂದು ಬಣ್ಣದ ಉಂಡೆಗಳು. ಗೂಬೆ ಇಲಿಯನ್ನು ನುಂಗಿ, ಕರಗದ ಕೂದಲು ಮೂಳೆಯನ್ನು ಉಂಡೆ ಮಾಡಿ ಬಾಯಿಂದಲೇ ಹೊರಗೆ ಹಾಕುತ್ತೆ. ಒಂದನ್ನು ಬೆಂಕಿಪೊಟ್ಟಣದಲ್ಲಿ ಸ್ಕೂಲಿಗೆ ತಂದು ಬಿಸಿನೀರಿನಲ್ಲಿ ನೆನೆಸಿ, ಹೇರ್‌ಪಿನ್ನಿನಲ್ಲಿ ಬಿಡಿಸಿದೆವು. ಕೂದಲಿನ ಮುದ್ದೆಯೊಳಗೆ ಒಂದು ಇಲಿಯ ಪೂರ್ತಿ ತಲೆಬುರುಡೆ. ಮುಂದಿನ ಎರಡು ಹಲ್ಲು ಕಿತ್ತಳೆ ಬಣ್ಣ. ಎರಡು ದವಡೆ, ಗುಂಡುಸೂಜಿ ಥರದ ಪಕ್ಕೆಲುಬುಗಳು. ಯಾವತ್ತೂ ಬಾಯಿ ಬಿಡದ ಒಬ್ಬ ಹುಡುಗಿ ಆ ಮೂಳೆಗಳನ್ನು ಡ್ರಾಯಿಂಗ್ ಶೀಟಿನ ಮೇಲೆ ಸಾಲಾಗಿ ಅಂಟಿಸಿ, ಸ್ಕೂಲ್ ಮುಗಿದ ಮೇಲೂ ಎದ್ದು ಹೋಗಲಿಲ್ಲ. ನಮ್ಮಪ್ಪನ ಗದ್ದೆ ಇಲಿ ಮಿಸ್ ಇದು, ಅಂದಳು.

ಇನ್ನೊಂದು ಗುರುತು ಗಲಾಟೆ. ಅಳಿಲು, ಪಿಕಳಾರ, ಕಾಜಾಣ ಮೂರೂ ಒಂದೇ ಕೊಂಬೆ ನೋಡಿಕೊಂಡು ಕಿರುಚುತ್ತಿದ್ದರೆ ಅಲ್ಲಿ ಹಾವಿದೆ, ಇಲ್ಲ ಗೂಬೆ ಇದೆ. ಹಾವಾಗಿದ್ದೂ ಇದೆ. ಓಡಿದ್ದೂ ಇದೆ.

ಬೆಳಕಿನ ಲೆಕ್ಕ ಹೇಳುತ್ತೇನೆ, ಇದೇ ನಿಮಗೆ ಉಪಯೋಗಕ್ಕೆ ಬರೋದು. ಡಿಸೆಂಬರಿನಲ್ಲಿ ನಮ್ಮ ಕಡೆ ಸೂರ್ಯ ಮುಳುಗೋದು ಆರರ ಹೊತ್ತಿಗೆ. ಮುಳುಗುವಾಗ ತೋಪಿನೊಳಗೆ ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಂಕೆ, 1600 ಇಟ್ಟರೆ ಶಟರ್ 125 ಸಿಗುತ್ತೆ, ಆರಾಮ. ಆರೂ ಇಪ್ಪತ್ತಕ್ಕೆ ಐಎಸ್‌ಒ 3200 ಇಟ್ಟರೂ 40. ಹುರುಳಿ ಚೀಲ, ಬಿಗಿ ಹಿಡಿದ ಉಸಿರು, ನಿಂತ ಗೂಬೆ, ಮೂರೂ ಕೂಡಿದರೆ ಬರುತ್ತೆ. ಆರೂವರೆಗೆ ನಾನು ಲೆನ್ಸ್ ಕ್ಯಾಪ್ ಹಾಕಿಬಿಡುತ್ತೇನೆ. ದೊಡ್ಡ ಗೂಬೆ ಎದ್ದು ಮೈ ಕೊಡವಿ, ಒಂದು ರೆಕ್ಕೆ ಒಂದು ಕಾಲು ಉದ್ದಕ್ಕೆ ಚಾಚಿ ಮೈ ಮುರಿಯೋದು ಹೆಚ್ಚು ಕಡಿಮೆ ಆರೂಕಾಲಿಗೆ. ಆ ಹತ್ತು ನಿಮಿಷವೇ ನನ್ನ ಇಡೀ ವಾರದ ಫೋಟೋ. 20 ಮೀಟರಿನಿಂದ ಅದು ಚೌಕಟ್ಟಿನ ಮುಕ್ಕಾಲು ಭಾಗ ತುಂಬುತ್ತೆ. ಹೋದ ವರ್ಷದ ಜನವರಿಯಲ್ಲಿ ತೆಗೆದ ಒಂದರಲ್ಲಿ ಅದರ ಕಾಲ್ಬೆರಳಿನವರೆಗೂ ಇರುವ ಸಣ್ಣ ಪುಕ್ಕ ಒಂದೊಂದೂ ಕಾಣುತ್ತೆ. ಕಾಲುಚೀಲ ಹಾಕಿಕೊಂಡಂತೆ.

ಹಾರುವ ಫೋಟೋ ಕೇಳಬೇಡಿ. ಈ ಲೆನ್ಸಿನಲ್ಲಿ, ಆ ಬೆಳಕಿನಲ್ಲಿ ಆಗಲ್ಲ. ಆ ಹೊತ್ತಿಗೆ ಹಾರುವುದನ್ನು ತೆಗೆಯೋಕೆ ಎಫ್ 4ರ, ಎಫ್ 2.8ರ ಲೆನ್ಸ್ ಬೇಕು. ಅವುಗಳ ಬೆಲೆಯಲ್ಲಿ ನಮ್ಮೂರಲ್ಲಿ ಒಳ್ಳೆಯ ಕಾರು ಬರುತ್ತೆ. ಒಂದು ಸಂಜೆ ಗೂಬೆ ನನ್ನ ತಲೆ ಮೇಲೆ ಎರಡು ಮಾರು ಎತ್ತರದಲ್ಲಿ ಹಾದುಹೋಯಿತು. ಗಾಳಿ ಮುಖಕ್ಕೆ ತಾಗಿತು, ಸದ್ದು ಮಾತ್ರ ಇಲ್ಲವೇ ಇಲ್ಲ. ಅದರ ರೆಕ್ಕೆಯ ಮುಂದಿನ ಗರಿಗಳ ಅಂಚು ಬಾಚಣಿಗೆ ಹಲ್ಲಿನ ಹಾಗಿರುತ್ತೆ, ಹಿಂದಿನ ಅಂಚು ಸೆರಗಿನ ಕುಚ್ಚಿನ ಹಾಗೆ. ಗಾಳಿ ಅಲ್ಲಿ ಸೀಳಿ ಚೂರಾಗುತ್ತೆ, ಅದಕ್ಕೇ ಸದ್ದಿಲ್ಲ. ಕ್ಯಾಮೆರಾ ಎತ್ತಿದ್ದೆ. ಬಂದಿದ್ದು ಖಾಲಿ ಆಕಾಶ, ಮೂಲೆಯಲ್ಲಿ ಒಂದು ತೆಂಗಿನ ಗರಿ.

ಫ್ಲಾಶ್ ಹಾಕಿ ಅಂತ ಸಲಹೆ ಕೊಡುವವರಿದ್ದಾರೆ. ನಾನು ಹಾಕಲ್ಲ. ಕತ್ತಲಿಗೆ ಹೊಂದಿಕೊಂಡ ಅಷ್ಟು ದೊಡ್ಡ ಕಣ್ಣಿಗೆ ಬೇಟೆಯ ಹೊತ್ತಿನಲ್ಲಿ ಬೆಳಕು ಬಡಿದರೆ ಅದು ಹೊಟ್ಟೆ ತುಂಬಿಸಿಕೊಳ್ಳೋದು ಹೇಗೆ? ಮೊಬೈಲಿನಲ್ಲಿ ಗೂಬೆ ಕೂಗು ಹಾಕಿ ಕರೆಯೋದೂ ಬೇಡ. ತನ್ನ ಜಾಗಕ್ಕೆ ಬೇರೆ ಗೂಬೆ ಬಂತು ಅಂತ ಅದು ಗಾಬರಿಯಲ್ಲಿ ಬರುತ್ತೆ, ನಿಮ್ಮ ಮೇಲಿನ ಪ್ರೀತಿಗಲ್ಲ. ಎರಡು ವರ್ಷದ ಹಿಂದೆ ಒಂದು ಜೀಪಿನಲ್ಲಿ ಆರು ಜನ ಬಂದರು. ಟಾರ್ಚು, ಸ್ಪೀಕರ್, ಎಲ್ಲ ಇತ್ತು. ಗೂಡಿನ ಕೆಳಗೇ ನಿಂತರು. ಅವರ ಲೆನ್ಸುಗಳು ನನ್ನದಕ್ಕಿಂತ ಹತ್ತು ಪಟ್ಟು ಬೆಲೆಯವು. ಏನಾದರೂ ಹೇಳೋಣ ಅಂತ ಹೋದರೆ ‘ಐದು ನಿಮಿಷ ಆಂಟಿ’ ಅಂದರು. ಐದು ನಿಮಿಷ ಒಂದೂವರೆ ಗಂಟೆಯಾಯಿತು. ಆಮೇಲೆ ಎರಡು ವಾರ ಆ ಹುಣಸೆ ಮರದಲ್ಲಿ ಗೂಬೆ ಕೂರಲಿಲ್ಲ. ಆಂಟಿ ಅಂದಿದ್ದಕ್ಕೂ ನನಗೆ ಬೇಜಾರಿದೆ, ಅದು ಬೇರೆ ವಿಷಯ.

ಊರಿನ ಹೆಸರು ಹೇಳದಿರೋದು ಇವರಿಂದ ಮಾತ್ರ ಅಲ್ಲ. ದೀಪಾವಳಿ ಅಮಾವಾಸ್ಯೆ ಹತ್ತಿರ ಬಂದಾಗ ವಾಮಾಚಾರಕ್ಕೆ ಅಂತ ಗೂಬೆ ಹಿಡಿದು ಮಾರುವ ದಂಧೆ ದೇಶದಲ್ಲಿ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಗೂಬೆ ಹಿಡಿಯೋದು, ಮಾರೋದು ಅಪರಾಧ. ಆದರೂ ಒಂದು ಅಕ್ಟೋಬರಿನಲ್ಲಿ ಗುರುತಿಲ್ಲದ ಒಬ್ಬರು ಫೋನ್ ಮಾಡಿ ‘ಕೊಂಬಿರೋದು ಎಲ್ಲಿ ಸಿಗುತ್ತೆ ಮೇಡಂ, ಬರೀ ನೋಡೋಕೆ’ ಅಂತ ಕೇಳಿದರು. ಕ್ಯಾಮೆರಾ ಯಾವುದು ಅಂತ ಕೇಳಿದೆ. ಫೋನ್ ಕಟ್ ಆಯಿತು. ಅಂದಿನಿಂದ ಯಾವ ಫೋಟೋದಲ್ಲೂ ಜಾಗ ಬರೆಯಲ್ಲ. ನನ್ನ ಕ್ಯಾಮೆರಾದಲ್ಲಿ ಜಿಪಿಎಸ್ ಇಲ್ಲ, ಆದರೆ ಫೋನಿನಲ್ಲಿ ತೆಗೆದರೆ ಜಾಗದ ಗುರುತು ಫೋಟೋ ಒಳಗೇ ಕೂತಿರುತ್ತೆ. ಹಾಕುವ ಮುಂಚೆ ಅದನ್ನು ಅಳಿಸಿಬಿಡಿ.

ಕೊಂಬಿನ ಗೂಬೆ ಅಂದೆನಲ್ಲ, ಮಕ್ಕಳನ್ನು ಹೆದರಿಸುವ ಗುಮ್ಮ ಇದೇ. ಅದಿರೋದು ತೋಪಿನಲ್ಲಿ ಅಲ್ಲ, ಬಂಡೆ ಗುಡ್ಡ, ಹಳೆಯ ಕಲ್ಲು ಕ್ವಾರಿ ಕಡೆ. ಕೊಂಬು ಬರೀ ಪುಕ್ಕ, ಕಿವಿಯೂ ಅಲ್ಲ. ಕಣ್ಣು ಕೆಂಡದ ಬಣ್ಣ. ಅಲ್ಲಿ ಲೆನ್ಸ್ ಬಗ್ಗೆ ಇನ್ನೊಂದು ಪಾಠವಾಯಿತು. ಬೆಳಗ್ಗೆ ಹನ್ನೊಂದಕ್ಕೆ, ಒಳ್ಳೆ ಬಿಸಿಲು, ಶಟರ್ 1000, ಚೀಲದ ಮೇಲೆ ಕ್ಯಾಮೆರಾ. ಆದರೂ ಎಲ್ಲ ಫೋಟೋ ಮೆತ್ತಗೆ. ಮತ್ತೆ ಬೈಯೋಕೆ ಬಾಯಿ ತೆರೆದಿದ್ದೆ. ಆಮೇಲೆ ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡಿದರೆ ಗೂಬೆಯ ಮುಂದೆ ಗಾಳಿ ದೋಸೆಕಲ್ಲಿನ ಮೇಲೆ ಏಳುವ ಹಾಗೆ ಕುಣಿಯುತ್ತಿದೆ. ಕಾದ ಬಂಡೆಯ ಶಾಖ. 500 ಎಂಎಂ ಗೂಬೆಯನ್ನು ಎಷ್ಟು ದೊಡ್ಡದು ಮಾಡುತ್ತೋ ನಡುವಿನ ಶಾಖವನ್ನೂ ಅಷ್ಟೇ ದೊಡ್ಡದು ಮಾಡುತ್ತೆ. ಮರುವಾರ ಬೆಳಗ್ಗೆ ಆರೂಮುಕ್ಕಾಲಿಗೆ ಹೋದೆ. ಅದೇ ಬಂಡೆ, ಅದೇ ಲೆನ್ಸು, ಕಣ್ರೆಪ್ಪೆ ಎಣಿಸಬಹುದು.

ಇನ್ನುಳಿದ ಚೂರುಪಾರು. 200ರಿಂದ 500ಕ್ಕೆ ತಿರುಗಿಸೋಕೆ ಒಂದೇ ಸಲಕ್ಕೆ ಕೈ ಸಾಲಲ್ಲ, ನಡುವೆ ಹಿಡಿತ ಬದಲಿಸಬೇಕು. ಗೂಬೆಗೆ ಅದರಿಂದ ತೊಂದರೆ ಇಲ್ಲ, ನಾನು ಹೇಗೂ 500ರಲ್ಲೇ ಇರುತ್ತೇನೆ. ವಿಆರ್‌ನಲ್ಲಿ ‘ಸ್ಪೋರ್ಟ್’ ಅಂತ ಇದೆ. ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕೂತು ಹಾರುವ ಬೆಳ್ಳಕ್ಕಿ ತೆಗೆಯುವಾಗ ಚೆನ್ನಾಗಿತ್ತು, ತೋಪಿನಲ್ಲಿ ನಾರ್ಮಲ್ ಸಾಕು. ಕ್ಯಾಮೆರಾದ ಶಟರನ್ನು ಕ್ಯೂ ಅನ್ನೋ ಕಡೆ ಇಡಿ, ಸದ್ದು ಸ್ವಲ್ಪ ಕಡಿಮೆ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಚಿತ್ರ ದೊಡ್ಡದು ಮಾಡುವ 1.4 ಪಟ್ಟಿನ ಟೆಲಿಕನ್ವರ್ಟರ್ ಹಾಕಿದರೆ 700 ಎಂಎಂ ಆಗುತ್ತೆ ನಿಜ, ಆದರೆ ಎಫ್ 8 ಆಗುತ್ತೆ. ಸಂಜೆ ಗೂಬೆಗೆ ಅದು ವ್ಯರ್ಥ. ಮುಂದಿನ ಗಾಜು 95 ಎಂಎಂ, ಅದಕ್ಕೆ ಫಿಲ್ಟರ್ ಬೆಲೆ ಕೇಳಿ ನಾನು ಸುಮ್ಮನಾದೆ. ಹುಡ್ ಹಾಕಿಕೊಂಡೇ ಓಡಾಡುತ್ತೇನೆ. ಮೈಸೂರಿನ ಮಳೆಗಾಲದಲ್ಲಿ ಬೀರುವಿನಲ್ಲಿ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಅಷ್ಟು ಸಾಕು.

ತಗೋಬಹುದಾ? ನನ್ನದರಂಥ, ಕನ್ನಡಿ ಇರುವ ನಿಕಾನಿನ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಇದ್ದು, ಕೂತ ಗೂಬೆಯನ್ನು ದೂರದಿಂದ ತೆಗೆಯುವ ತಾಳ್ಮೆ ಇದ್ದರೆ ಧಾರಾಳವಾಗಿ ತಗೊಳ್ಳಿ. ಐದಕ್ಕೆ ನಾಲ್ಕು ಕೊಡುತ್ತೇನೆ. ಭುಜ ನೋವಿದ್ದವರು, ಹಾರುವುದೇ ಬೇಕು ಅನ್ನೋರು ಬೇರೆ ನೋಡಿ. ಹೊಸದಾಗಿ ಮಿರರ್‌ಲೆಸ್ ಕ್ಯಾಮೆರಾ ತಗೊಳ್ಳೋರು ಇದರ ಕಡೆ ಬರೋದೇ ಬೇಡ, 180-600ಕ್ಕೆ ಹೋಗಿ. ಅದರಲ್ಲಿ ಕೊಳವೆ ಹೊರಗೆ ಬರಲ್ಲ, ಧೂಳಿನ ಕಾಟ ಕಡಿಮೆ. ನಾನು ಕೊಂಡ ಅಂಗಡಿಗೆ ಸೊನ್ನೆ.

ಕಾಲರ್ ಸ್ಕ್ರೂ ಇನ್ನೂ ಸಿಕ್ಕಿಲ್ಲ. ಹಾರ್ಡ್‌ವೇರ್ ಅಂಗಡಿಯ ಬೋಲ್ಟ್ ಒಂದಕ್ಕೆ ವಾಷರ್ ಹಾಕಿ ಬಿಗಿದಿದ್ದೇನೆ. ಲೆನ್ಸ್ ಎತ್ತಿದಾಗಲೆಲ್ಲ ಟಿಕ್ ಅನ್ನುತ್ತೆ. ದೊಡ್ಡ ಗೂಬೆ ಮೊದಮೊದಲು ಆ ಸದ್ದಿಗೆ ತಲೆ ತಿರುಗಿಸುತ್ತಿತ್ತು. ಈಗ ತಿರುಗಿಸಲ್ಲ. ನಿಮ್ಮ ಹತ್ತಿರ ಒರಿಜಿನಲ್ ಸ್ಕ್ರೂ ಇದ್ದರೆ ತಿಳಿಸಿ, ದುಡ್ಡು ಕೊಡುತ್ತೇನೆ.